ಅತ್ತರ್ ಕಾಗದದ ಮೇಲೆ ಇಂಜಿನ್ ಎಣ್ಣೆ

ಅವನ ಮೂಗು ದಪ್ಪ. ತುದಿ ಸ್ವಲ್ಪ ಎಡಕ್ಕೆ ವಾಲಿತ್ತು, ಕನ್ನಡಕ ಕೂತು ಕೂತು ಮೇಲೆ ಎರಡೂ ಕಡೆ ತಗ್ಗು ಬಿದ್ದಿತ್ತು. ಅತ್ತರ್ ಅದ್ದಿದ ಕಾಗದದ ಪಟ್ಟಿಯನ್ನು ಎಲ್ಲರಂತೆ ಮೂಗಿಗೆ ಒತ್ತಿಕೊಳ್ಳುತ್ತಿರಲಿಲ್ಲ. ಗಡ್ಡದ ಹತ್ತಿರ ಹಿಡಿದು, ಎಡಗಣ್ಣು ಮುಚ್ಚಿ, ವಾಸನೆ ತಾನಾಗಿ ಮೇಲೇರಿ ಬರಲಿ ಎಂದು ಕಾಯುತ್ತಿದ್ದ. ಶಿವಾಜಿನಗರದಲ್ಲಿ ಅವನದು ಅತ್ತರ್ ಅಂಗಡಿ, ಎದುರಿಗೆ ನನ್ನದು ಕಾರಿನ ಸೀಟ್ ಕವರ್ ಹೊಲಿಯುವ ಅಂಗಡಿ. ನಾನು ಅವನನ್ನು ಭಾಯ್ ಎನ್ನುತ್ತಿದ್ದೆ. ಅವನು ನನ್ನನ್ನು ಏನೇನೋ ಅನ್ನುತ್ತಿದ್ದ, ಎಲ್ಲವನ್ನೂ ಇಲ್ಲಿ ಬರೆಯಲಾಗದು.

ಕಂಟೋನ್ಮೆಂಟಿನಲ್ಲಿ ನನ್ನಷ್ಟು ಗಂಭೀರ ಮುಖ ಇಟ್ಟುಕೊಂಡು ಸುಳ್ಳು ಹೇಳುವವನು ಇನ್ನೊಬ್ಬನಿಲ್ಲ. ಇದು ಜಂಬವಲ್ಲ, ನನ್ನಿಂದ ಮೋಸಹೋದವರೇ ಒಪ್ಪಿಕೊಂಡಿರುವ ಮಾತು. ಭಾಯ್ ಒಬ್ಬನೇ ನನ್ನ ಸುಳ್ಳಿಗೆ ಸಿಗದವನು. ಒಮ್ಮೆ ಅವನ ಕಾಗದದ ಪಟ್ಟಿಗೆ ಇಂಗಿನ ನೀರು ಸವರಿಟ್ಟಿದ್ದೆ. ಗಿರಾಕಿಯ ಎದುರಿಗೇ ಭಾಯ್ ಅದನ್ನು ಎತ್ತಿಕೊಂಡ, ಎಡಗಣ್ಣು ಮುಚ್ಚಿದ, ಅವರಿಗೆ ನಗುತ್ತಾ ಹೇಳಿದ: "ಇದು ನಿಮಗಲ್ಲ ಸಾರ್. ಎದುರು ಅಂಗಡಿಯವರು ಹೇಳಿ ಮಾಡಿಸ್ಕೊಂಡಿದ್ದು. ಅವರ ಮನೇಲಿ ಸಾಂಬಾರು ಮಾಡಲ್ಲ, ಇದನ್ನೇ ಹಚ್ಕೊಂಡು ಅನ್ನ ತಿಂತಾರೆ."

ನಮ್ಮಿಬ್ಬರದೂ ಒಂದೇ ಮಾದರಿಯ ಪುಟ್ಟ ಹಳೇ ಕಾರು. ಅವನು ತನ್ನದಕ್ಕೆ ಆಕ್ಟೇನ್ ಜಾಸ್ತಿ ಇರುವ ದುಬಾರಿ ಪೆಟ್ರೋಲೇ ಹಾಕಿಸುತ್ತಿದ್ದ. ನಾನು ಸಾದಾ.

"ಸಾದಾ ಪೆಟ್ರೋಲ್ ಹಾಕಿದ್ರೆ ಇಂಜಿನ್ ಎಣ್ಣೆ ಬೇಗ ಕೆಡುತ್ತೆ, ಯಾರ್. ನಿಂದು ನೋಡು, ಡಾಂಬರು."

"ಕಾರಿನ ಜೊತೆ ಬಂದ ಪುಸ್ತಕದಲ್ಲಿ ಸಾದಾ ಸಾಕು ಅಂತ ಇದೆ, ಭಾಯ್."

"ಪುಸ್ತಕಕ್ಕೆ ಮೂಗಿದೆಯಾ?"

ಹಾಗೆ ಶುರುವಾಯಿತು ನಮ್ಮ ಭಾನುವಾರದ ಪಂದ್ಯ. ಬೆಳಿಗ್ಗೆ ಹಲಸೂರು ಕೆರೆಯ ಪಕ್ಕ ಎರಡೂ ಕಾರು ನಿಲ್ಲಿಸಿ ಬಾನೆಟ್ ಎತ್ತುವುದು, ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು ಒಂದೊಂದು ತೊಟ್ಟನ್ನು ಅತ್ತರ್ ಕಾಗದದ ಮೇಲೆ ಬಿಡುವುದು. ಯಾರ ಎಣ್ಣೆ ಹೆಚ್ಚು ಕ್ಲೀನ್ ಎಂದು, ತೊಟ್ಟು ಹರಡಿ ಉಂಗುರವಾಗುವುದನ್ನು ಇಬ್ಬರೂ ಬಗ್ಗಿ ನೋಡುತ್ತಿದ್ದೆವು. ವಾಕಿಂಗ್ ಬಂದವರು ಯಾವುದೋ ಪೂಜೆ ಇರಬೇಕೆಂದು ಸುತ್ತು ಹಾಕಿ ಹೋಗುತ್ತಿದ್ದರು. ಒಂದು ಭಾನುವಾರ ಭಾಯ್ ತನ್ನ ಕಾಗದವನ್ನು ಗಡ್ಡದ ಹತ್ತಿರ ಹಿಡಿದವನು ಕಣ್ಣು ತೆರೆಯಲೇ ಇಲ್ಲ. ಆಮೇಲೆ ಮೆಲ್ಲಗೆ ಹೇಳಿದ: "ನನ್ನ ಎಣ್ಣೇಲಿ ಪೆಟ್ರೋಲ್ ಇದೆ."

ಅವನ ಜಾಗದಲ್ಲಿ ನಾನಿದ್ದಿದ್ದರೆ ಬಾಯಿ ಬಿಡುತ್ತಿರಲಿಲ್ಲ. ಅವನಿಗೆ ಪಂದ್ಯಕ್ಕಿಂತ ಮೂಗಿನ ಮಾತು ದೊಡ್ಡದು.

ಕೆ.ಆರ್. ಪುರದ ಮೆಕ್ಯಾನಿಕ್ ಒಬ್ಬ ನಮ್ಮಿಬ್ಬರಿಗೂ ಬೈದ. ಆಕ್ಟೇನ್ ಇರುವುದು ಇಂಜಿನ್ ಒಳಗೆ ಪೆಟ್ರೋಲು ಹೊತ್ತಿಗೆ ಮುಂಚೆ ಸಿಡಿಯದಿರಲಿ ಎಂದು. ಇಂಜಿನ್ನು ಕೇಳುವುದಕ್ಕಿಂತ ಕಡಿಮೆಯದು ಹಾಕಿದರೆ ಅದು ಬಡಿದುಕೊಂಡು ಬಿಸಿಯೇರುತ್ತದೆ, ಎಣ್ಣೆಯೂ ಬೇಗ ಸೋಲುತ್ತದೆ. ಕೇಳುವುದಕ್ಕಿಂತ ಜಾಸ್ತಿ ಹಾಕಿದರೆ ಇಂಥ ಕಾರಿನ ಎಣ್ಣೆಗೆ ಅದರಿಂದ ಹೆಚ್ಚಿನ ಲಾಭವೇನಿಲ್ಲ. ಎಣ್ಣೆ ಕಪ್ಪಾಗುವುದು ಕೊಳೆ ಎತ್ತಿಕೊಳ್ಳುವ ತನ್ನ ಕೆಲಸ ಮಾಡುತ್ತಿರುವುದಕ್ಕೆ. ಭಾಯ್ ರಿಚರ್ಡ್ಸ್ ಟೌನಿನ ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ, ಭಾನುವಾರ ಕೆರೆಗೆ ಬಿಟ್ಟರೆ ಬೇರೆಲ್ಲೂ ಕಾರು ಓಡಿಸುವವನಲ್ಲ. ಅಷ್ಟರಲ್ಲಿ ಇಂಜಿನ್ ಸರಿಯಾಗಿ ಬಿಸಿಯೇ ಆಗುವುದಿಲ್ಲ, ಉರಿಯದೆ ಉಳಿದ ಪೆಟ್ರೋಲು ಎಣ್ಣೆಗೆ ಇಳಿದು ಅದನ್ನು ನೀರಿನಂತೆ ತೆಳ್ಳಗೆ ಮಾಡುತ್ತದೆ. "ವಾರಕ್ಕೊಂದ್ಸಲ ದೂರ ಓಡ್ಸಿ. ಬಿಸೀಗೆ ಅದೇ ಹಾರ್ಕೊಂಡು ಹೋಗುತ್ತೆ," ಎಂದ.

ಅಂದಿನಿಂದ ಪ್ರತಿ ಭಾನುವಾರ ಅವನ ಕಾರಿನಲ್ಲಿ ಇಂದಿರಾನಗರ ದಾಟಿ, ಕೆ.ಆರ್. ಪುರದ ಜಂಗುಳಿ ದಾಟಿ, ಹೊಸಕೋಟೆಯವರೆಗೆ ಹೋಗಿ ಬರುವುದು ರೂಢಿಯಾಯಿತು. ಎಣ್ಣೆ ಬಿಸಿಯಾಗುತ್ತಿತ್ತು, ನಾವು ಬಿರಿಯಾನಿ ತಿನ್ನುತ್ತಿದ್ದೆವು. ದುಬಾರಿ ಪೆಟ್ರೋಲನ್ನು ಮಾತ್ರ ಅವನು ಬಿಡಲಿಲ್ಲ. "ಎಣ್ಣೆಗಲ್ಲ, ನನ್ನ ಮನಸ್ಸಿಗೆ" ಎನ್ನುತ್ತಿದ್ದ.

ಆಮೇಲೆ ನನ್ನ ಮಂಡಿಯ ಆಪರೇಷನ್ ಆಗಿ ಕೆಲವು ತಿಂಗಳು ಮನೆ ಹಿಡಿದೆ. ಅದೇ ಸಮಯದಲ್ಲಿ ಅವನಿಗೂ ಕೆಟ್ಟ ಜ್ವರ ಬಂದು ಹೋಯಿತು. ಮತ್ತೆ ಕೆರೆಯ ಬಳಿ ಸೇರಿದ ಮೊದಲ ಭಾನುವಾರ ಭಾಯ್ ಕಡ್ಡಿ ಎಳೆದ, ಕಾಗದಕ್ಕೆ ತೊಟ್ಟು ಬಿಟ್ಟ, ಎಡಗಣ್ಣು ಮುಚ್ಚಿದ.

"ಕ್ಲೀನ್."

ಅವನು ಬೆನ್ನು ತಿರುಗಿಸಿದಾಗ ನಾನು ಕಾಗದ ಎತ್ತಿ ಮೂಸಿದೆ. ಪೆಟ್ರೋಲಿನ ಘಾಟು ಗಂಟಲಿಗೇ ಬಂತು. ಮುದುಕನಾದ ಮೇಲೆ ಪಂದ್ಯ ಗೆಲ್ಲಲು ಸುಳ್ಳು ಹೇಳಲು ಕಲಿತನಲ್ಲ ಎಂದು ನನಗೆ ಒಳಗೊಳಗೇ ಖುಷಿ. ನನ್ನ ವಿದ್ಯೆಗೆ ಕೊನೆಗೂ ಒಬ್ಬ ಶಿಷ್ಯ ಸಿಕ್ಕಿದ್ದ. ಗುರು ಯಾರೆಂದು ತೋರಿಸಬೇಕಿತ್ತು.

ಮರುದಿನ ಪಟ್ಟಿಯೊಂದನ್ನು ನೇರವಾಗಿ ಪೆಟ್ರೋಲಿಗೇ ಅದ್ದಿ ಅವನ ಅಂಗಡಿಗೆ ಹೋದೆ. ಮುಖವನ್ನು ಕಲ್ಲು ಮಾಡಿಕೊಂಡೆ. "ಹೊಸ ಮಾಲು ಭಾಯ್. ಗಿರಾಕಿ ಒಬ್ರು ಉತ್ತರದ ಕಡೆಯಿಂದ ತಂದಿದ್ರು. ಏನಿದು ಹೇಳು."

ಗಡ್ಡದ ಹತ್ತಿರ ಹಿಡಿದ. ಎಡಗಣ್ಣು ಮುಚ್ಚಿದ. ಆಮೇಲೆ ಕಣ್ಣು ತೆರೆದು ನನ್ನ ಮುಖ ನೋಡಿದ.

"ಮಲ್ಲಿಗೆ," ಎಂದ. "ತಳದಲ್ಲಿ ಸ್ವಲ್ಪ ಗಂಧ."

ನನ್ನ ಜೀವಮಾನದ ಅತ್ಯುತ್ತಮ ಕುಚೇಷ್ಟೆ ಅದು. ನಗು ಬರಲಿಲ್ಲ.

ಅಷ್ಟರಲ್ಲಿ ಒಬ್ಬ ಹೆಂಗಸು ಮೆಟ್ಟಿಲು ಹತ್ತಿ ಬಂದಳು. ಕರ್ಚೀಫಿನಲ್ಲಿ ಸುತ್ತಿದ್ದ ಒಂದು ಖಾಲಿ ಸೀಸೆ ಬಿಚ್ಚಿಟ್ಟಳು. "ನಮ್ಮಪ್ಪ ಹಚ್ಕೋತಿದ್ರು. ಹೋಗ್ಬಿಟ್ರು. ಇದರಲ್ಲಿ ಹೆಸರು ಅಳಿಸ್ಹೋಗಿದೆ. ನಿಮ್ಮ ಮೂಗಿಗೆ ತಪ್ಪೋದೇ ಇಲ್ಲ ಅಂತಾರೆ ಎಲ್ಲಾ, ಅದಕ್ಕೇ ಬಂದೆ."

ಭಾಯ್ ಬಿರಡೆ ತೆಗೆದ. ಸೀಸೆಯನ್ನು ಗಡ್ಡದ ಹತ್ತಿರ ಹಿಡಿದವನು ಇಳಿಸಲೇ ಇಲ್ಲ. ಹಿಂದಿನ ಕಪಾಟಿನಲ್ಲಿ ಸಾಲು ಸಾಲು ಅತ್ತರು, ಅವಳ ಎದುರು ಒಂದನ್ನು ತಪ್ಪಾಗಿ ಎತ್ತಿದರೆ ಅಂಗಡಿಯ ಹೆಸರು ಅಲ್ಲಿಗೆ ಮುಗಿಯಿತು. ನಾನು ಸೀಸೆ ಕಿತ್ತುಕೊಂಡೆ.

"ಕೊಡು ಭಾಯ್ ಇಲ್ಲಿ, ಏನು ಅಷ್ಟೊತ್ತು ಮೂಸ್ತೀಯ," ಎಂದು ಮೂಗಿಗೆ ಒತ್ತಿಕೊಂಡೆ. "ಅಯ್ಯೋ, ಇದಾ. ಬೇಸಿಗೇಲಿ ನಮ್ಮಜ್ಜಿ ಕುಡಿಯೋ ನೀರಿನ ಹೂಜಿಗೆ ಒಂದು ಬೇರಿನ ಕಟ್ಟು ಹಾಕ್ತಿದ್ಲು. ಥೇಟ್ ಆ ನೀರು. ಇದಕ್ಕೆ ಕಾಸು ಕೊಟ್ಟು ಕೊಂಡ್ಕೋತೀರಾ?"

"ನೀನು ಸುಮ್ನಿರಪ್ಪ," ಎಂದು ಭಾಯ್ ಗದರಿಸಿದ. ಅವನ ಕೈ ಆಗಲೇ ಲಾವಂಚದ ಬೇರಿನ ಅತ್ತರ್ ಸೀಸೆಗಳ ಕಡೆ ಹೋಗಿತ್ತು. ಮೊದಲನೆಯದನ್ನು ತೆರೆದಾಗ, ಇದು ನಮ್ಮ ಮಾವನ ತುಕ್ಕು ಹಿಡಿದ ಟ್ರಂಕು ಎಂದು ರೇಗಿಸಿದೆ. ಎರಡನೆಯದಕ್ಕೆ ಏನೂ ಅನ್ನಲಿಲ್ಲ. ಭಾಯ್ ಅದನ್ನು ಅವಳ ಮಣಿಕಟ್ಟಿಗೆ ಹಚ್ಚಿದ. ಅವಳು ಮಣಿಕಟ್ಟನ್ನು ಮೂಗಿಗೆ ಹಿಡಿದು, ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಅವಳು ಹೋದ ಮೇಲೆ ಕೇಳಿದೆ. "ಯಾವತ್ತಿಂದ?"

"ಜ್ವರ ಬಂತಲ್ಲ, ಆವಾಗಿಂದ. ಒಂದು ಬೆಳಿಗ್ಗೆ ಎದ್ದೆ, ಚಹಾ ಬರೀ ಬಿಸಿನೀರು. ಡಾಕ್ಟ್ರು ಬರುತ್ತೆ ಅಂದ್ರು. ಬರಲಿಲ್ಲ."

"ಮತ್ತೆ ಇಷ್ಟು ದಿನ ಹೆಂಗೆ ವ್ಯಾಪಾರ ಮಾಡ್ದೆ?"

"ಯಾವ ಸೀಸೆ ಎಲ್ಲಿದೆ ಕೈಗೆ ಗೊತ್ತು. ಮಿಕ್ಕಿದ್ದಕ್ಕೆ ಎದುರಿನವರ ಮುಖ ನೋಡ್ತೀನಿ. ವಾಸನೆ ಎಲ್ಲಾ ಮುಖದ ಮೇಲೆ ಬರುತ್ತೆ, ಯಾರ್. ನಿನ್ನ ಮುಖದ ಮೇಲೆ ಮಾತ್ರ ಏನೂ ಇರಲಿಲ್ಲ. ಅದಕ್ಕೇ ಮಲ್ಲಿಗೆ ಅಂದೆ. ಅದು ಏನಾಗಿತ್ತು?"

"ಮಲ್ಲಿಗೇನೇ," ಎಂದೆ. ಅವನು ನಂಬಲಿಲ್ಲ.

ಶಿವಾಜಿನಗರದಲ್ಲಿ ಇದಕ್ಕಿಂತ ದೊಡ್ಡ ಸುದ್ದಿ ಇರಲಿಲ್ಲ. ಬಾಯಲ್ಲಿ ಏನೂ ನಿಲ್ಲದ ನಾನು ಅದನ್ನು ಯಾರಿಗೂ ಹೇಳಲಿಲ್ಲ, ಹೆಂಡತಿಗೂ. ಮಧ್ಯಾಹ್ನದ ಮೇಲೆ ಹೊಲಿಗೆ ಬಿಟ್ಟು ಅವನ ಪಕ್ಕದ ಸ್ಟೂಲಿನಲ್ಲಿ ಕೂತು, ಗಿರಾಕಿಗಳ ಎದುರು ಅತ್ತರುಗಳನ್ನು ಒಂದೊಂದಾಗಿ ಹೀಯಾಳಿಸುವುದೇ ಕೆಲಸವಾಯಿತು. ಜನ ನನ್ನ ಕುಚೋದ್ಯ ಕೇಳಲೆಂದೇ ಬರತೊಡಗಿದರು. ವ್ಯಾಪಾರ ಹೆಚ್ಚಿದ್ದು ನನ್ನಿಂದ, ಇದನ್ನೂ ಜಂಬ ಅನ್ನಬೇಡಿ. ನನಗೆ ಕಷ್ಟವಾದದ್ದು ಬೇರೆ. ಇಷ್ಟು ವರ್ಷ ಕಲ್ಲಾಗಿಸಿಕೊಂಡಿದ್ದ ಮುಖವನ್ನು ಅವನು ಓದಲೆಂದು ಸಡಿಲ ಬಿಡಬೇಕಿತ್ತು. ಆ ವಯಸ್ಸಿನಲ್ಲಿ ಮಂಡಿ ಮಡಚಲು ಕಲಿತದ್ದೇ ಸುಲಭವಾಗಿತ್ತು.

ನಾವು ಕೊನೆಯ ಸಲ ಕೆರೆಯ ಬಳಿ ನಿಂತಾಗ ಅವನಿಗೆ ಸೀಟಿನಿಂದ ಇಳಿಯಲು ಆಗುತ್ತಿರಲಿಲ್ಲ. ಮೂಗು ಹೋದ ಮೇಲೆ ಎದೆಯ ಕಾಯಿಲೆಯೂ ಹತ್ತಿಕೊಂಡು ಅವನನ್ನು ಹಣ್ಣು ಮಾಡಿತ್ತು. ನಾನೇ ಕಡ್ಡಿ ಎಳೆದು, ಕಾಗದವನ್ನು ಮೂಸಿ, ಕಿಟಕಿಯಿಂದ ಕೊಟ್ಟೆ. ಅವನು ಕಾಗದ ನೋಡಲಿಲ್ಲ. ನನ್ನ ಮುಖ ನೋಡಿ ನಕ್ಕ.

"ಪೆಟ್ರೋಲ್ ಇದೆ ಮಗಾ. ನಡಿ, ಹೊಸಕೋಟೆಗೆ."

ಮುಂದಿನ ರಂಜಾನಿಗೆ ಅವನಿರಲಿಲ್ಲ. ಕಾರನ್ನು ಅವನ ಮನೆಯವರು ನನಗೇ ಕೊಟ್ಟರು. ಈಗಲೂ ಭಾನುವಾರ ಬಾನೆಟ್ ಎತ್ತಿ, ಅತ್ತರ್ ಕಾಗದಕ್ಕೆ ಒಂದು ತೊಟ್ಟು ಬಿಟ್ಟು, ಗಡ್ಡವಿಲ್ಲದ ನನ್ನ ಗಲ್ಲದ ಹತ್ತಿರ ಹಿಡಿಯುತ್ತೇನೆ. ಘಾಟು ಬಂದರೆ ಮುಖ ತಾನಾಗಿ ಸಿಂಡರಿಸಿಕೊಳ್ಳುತ್ತದೆ. ಒಳಗೆ ಕೂತು, ಒಮ್ಮೆ ಪಕ್ಕದ ಖಾಲಿ ಸೀಟಿನ ಕಡೆ ತಿರುಗಿ ಆ ಮುಖವನ್ನು ತೋರಿಸಿ, ಆಮೇಲೆ ಗಾಡಿ ಸ್ಟಾರ್ಟ್ ಮಾಡುತ್ತೇನೆ.