ಬಾಣದ ವಕೀಲರು

ಜನ ಅವನನ್ನು ಕರೆಯುತ್ತಿದ್ದದ್ದು ಬಾಣದ ವಕೀಲರು ಎಂದು. ಬಾಣ ಎಂದರೆ ಬಿಲ್ಲಿಗೆ ಹೂಡುವುದಲ್ಲ. ಆಸ್ಪತ್ರೆ, ಗ್ರಂಥಾಲಯ, ಬಸ್ ನಿಲ್ದಾಣಗಳ ಗೋಡೆಯ ಮೇಲೆ 'ರಕ್ತ ಪರೀಕ್ಷೆ ಈ ಕಡೆ', 'ಟಿಕೆಟ್ ಆ ಕಡೆ' ಎಂದು ತೋರಿಸುತ್ತದಲ್ಲ, ಆ ಬಾಣ. ಅವನಿಗೆ ಆ ಹೆಸರಿನಲ್ಲಿ 'ವಕೀಲರು' ಅನ್ನುವುದು ಸುತರಾಂ ಹಿಡಿಸುತ್ತಿರಲಿಲ್ಲ. ಅವನ ಅಕ್ಕನಿಗೆ ಹಿಡಿಸದೆ ಹೋದದ್ದು ಬಾಣ. ಅಕ್ಕ ತಮ್ಮಂದಿರ ಜಗಳವೆಲ್ಲ ಇಷ್ಟೇ, ಇಷ್ಟಕ್ಕೇ ಇಬ್ಬರೂ ಅಷ್ಟು ವರ್ಷ ಹಾಳುಮಾಡಿಕೊಂಡರು.

ತಂದೆ ತಾಯಿ ಬೇಗ ತೀರಿಕೊಂಡ ಮೇಲೆ ಅವನನ್ನು ಸಾಕಿದವಳು ಅವನಿಗಿಂತ ಹದಿಮೂರು ವರ್ಷ ದೊಡ್ಡವಳಾದ ಈ ಅಕ್ಕ. ನ್ಯಾಯಾಲಯದ ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಟೈಪ್ ಮಿಷನ್ ಇಟ್ಟುಕೊಂಡು ಅರ್ಜಿ, ಅಫಿಡವಿಟ್ಟು ಹೊಡೆದುಕೊಡುತ್ತಿದ್ದಳು. ತಲೆಯ ಮೇಲೆ ಕರಿ ಕೋಟಿನವರ ಬೂಟುಗಳು ಟಕಟಕ ಹತ್ತಿ ಹೋಗುವಾಗೆಲ್ಲ ಅವಳಿಗೆ ಒಂದೇ ಆಸೆ, ಇದರಲ್ಲಿ ಒಂದು ಜೊತೆ ನನ್ನ ತಮ್ಮನದಾಗಬೇಕು. ಹೊಟ್ಟೆ ಬಟ್ಟೆ ಕಟ್ಟಿ ಓದಿಸಿದಳು. ಅವನು ಕೋಟು ತೊಟ್ಟು ಬಂದ ಮೊದಲ ದಿನ ಕೆಲಸ ನಿಲ್ಲಿಸಿ, ಸಂದಿಯಿಂದ ಈಚೆಗೆ ಬಂದು, ಅವನು ಕೊನೆಯ ಮೆಟ್ಟಿಲು ಹತ್ತುವವರೆಗೂ ನೋಡುತ್ತ ನಿಂತಿದ್ದಳು. ಆ ದಿನ ಅವಳು ಹೊಡೆದ ಅರ್ಜಿಗಳ ತುಂಬ ತಪ್ಪು.

ವಕೀಲಿಕೆ ಮಾತ್ರ ಅವನಿಗೆ ಒಗ್ಗಲಿಲ್ಲ. ವಾದಕ್ಕೆ ಎದ್ದರೆ ನಾಲಿಗೆ ಒಣಗುತ್ತಿತ್ತು. ಕೈ ಮಾತ್ರ ಸುಮ್ಮನಿರುತ್ತಿರಲಿಲ್ಲ, ಎದುರು ಕಡೆಯವರು ಗುಡುಗುತ್ತಿದ್ದರೆ ಇವನು ಫೈಲಿನ ಬೆನ್ನಿಗೆ ಕಿಟಕಿ, ಕಂಬ ಬಿಡಿಸುತ್ತ ಕೂತಿರುತ್ತಿದ್ದ. ಒಂದು ಸಲ ಅವನದೇ ಕಕ್ಷಿದಾರಳಾದ ಮುದುಕಿಯೊಬ್ಬಳು ತನ್ನ ಕೇಸಿನ ಹಾಲ್ ಸಿಗದೆ ಮೂರು ಮಹಡಿ ಹತ್ತಿ ಇಳಿದಳು. ಸಿಗುವಷ್ಟರಲ್ಲಿ ಅವಳ ಹೆಸರು ಕೂಗಿಯಾಗಿ ಕೇಸು ವಜಾ ಆಗಿತ್ತು. ಇವನು ಎರಡು ದಿನ ಕೂತು ಇಡೀ ಕಟ್ಟಡದ ನಕ್ಷೆ ಬರೆದು, ಬಾಣ ಹಾಕಿ, ಹೆಬ್ಬಾಗಿಲಿಗೆ ಅಂಟಿಸಿದ. ದಾರಿ ಹೇಳಿ ಹೇಳಿ ಸಾಕಾಗಿದ್ದ ಜವಾನ ಒಂದೇ ವಾರದಲ್ಲಿ ಬಾಗಿಲ ಪಕ್ಕ ಕೂತು ತೂಕಡಿಸತೊಡಗಿದ. ಸಾಕ್ಷಿ ಹೇಳಲು ಬಂದಿದ್ದ ಆಸ್ಪತ್ರೆಯ ಅಧಿಕಾರಿಯೊಬ್ಬರು ಅದನ್ನು ನೋಡಿ, "ಇದನ್ನ ಬರೆದೋರು ಯಾರ್ರೀ? ಒಂದ್ಸಲ ನಮ್ಮ ಕಡೆಗೂ ಬನ್ನಿ," ಅಂದರು. ವರ್ಷ ತುಂಬುವುದರೊಳಗೆ ಕೋಟು ಬೀರು ಸೇರಿತು.

"ನಾನು ಬೆರಳು ಸವೆಸಿದ್ದು ನೀನು ಬೋರ್ಡು ಬರೀಲಿ ಅಂತಾನಾ?" ಅಂದಳು ಅಕ್ಕ.

"ಬೋರ್ಡು ಬರೆಯೋದಲ್ಲ ಅಕ್ಕ, ಸಲಹೆ ಕೊಡೋದು."

"ಯಾವ ಕಡೆ ಹೋಗ್ಬೇಕು ಅನ್ನೋಕೊಬ್ಬ ಸಲಹೆಗಾರ! ಜನಕ್ಕೇನು ಬಾಯಿಲ್ವಾ, ಕೇಳ್ಕೊಂಡು ಹೋಗೋಕೆ?"

ಅವಳು ಏನೇ ಅನ್ನಲಿ, ಕೆಲಸ ಕುದುರಿತು. ಹೊಸ ಕಟ್ಟಡ ಒಪ್ಪಿಕೊಂಡರೆ ಅವನು ಮೂರು ದಿನ ಪೆನ್ಸಿಲ್ ಮುಟ್ಟುತ್ತಿರಲಿಲ್ಲ. ಭಾರದ ಚೀಲವೊಂದನ್ನು ಹಿಡಿದು ಹೊಸಬನ ಹಾಗೆ ಒಳಗೆಲ್ಲ ಅಲೆಯುತ್ತಿದ್ದ. ಜನರ ಕಾಲು ಅನುಮಾನಿಸಿ ನಿಂತಲ್ಲೆಲ್ಲ ನೆಲಕ್ಕೆ ಸೀಮೆಸುಣ್ಣದ ಗುರುತು ಹಾಕುತ್ತಿದ್ದ. ಆಮೇಲೆ ಕಸ ಗುಡಿಸುವವರ ಪಕ್ಕ ಕೂತು, ಜನ ದಿನವಿಡೀ ನಿಮ್ಮನ್ನು ಏನೇನು ಕೇಳುತ್ತಾರೆ ಎಂದು ವಿಚಾರಿಸುತ್ತಿದ್ದ. ದೊಡ್ಡ ಕೋಣೆಯ ಸಾಹೇಬರಿಗೆ ತಮ್ಮ ಕೋಣೆಯ ದಾರಿ ಬಿಟ್ಟರೆ ಬೇರೇನೂ ಗೊತ್ತಿರುವುದಿಲ್ಲ ಎಂದು ಅವನಿಗೆ ಮೊದಲ ವರ್ಷವೇ ತಿಳಿದಿತ್ತು. ಔಷಧದಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಶುರುವಾದ ಕಚೇರಿ ಇಡೀ ಮಹಡಿಗೆ ಹಬ್ಬಿತು. ಆರು ಜನ ಕೈಕೆಳಗೆ ಸೇರಿದರು, ದೂರದ ಊರುಗಳಿಂದ ಕರೆ ಬಂತು.

ಅಕ್ಕ ಮಾತ್ರ ಸಿಕ್ಕಿದವರಿಗೆಲ್ಲ ಹೇಳುತ್ತಿದ್ದದ್ದು ಒಂದೇ ಮಾತು, "ನನ್ನ ತಮ್ಮ ವಕೀಲ." ಹಾಲಿನವನಿಗೆ, ಬ್ಯಾಂಕಿನ ಗುಮಾಸ್ತೆಗೆ, ಬಸ್ಸಿನಲ್ಲಿ ಪಕ್ಕ ಕೂತವರಿಗೆ. ಅವನು ಕೇಳಿಯೂ ಕೇಳದವನಂತೆ ಇರುತ್ತಿದ್ದ. ಅವಳು ಕೆಲಸ ಬಿಟ್ಟ ದಿನ ಮಾತ್ರ ಹಾಗಿರಲಿಲ್ಲ. ಮೂವತ್ತು ವರ್ಷದ ಮೆಟ್ಟಿಲ ಕೆಳಗಿನ ಸಂಸಾರಕ್ಕೆ ಅಂದು ಕೊನೆ, ಟೈಪಿಸ್ಟುಗಳು, ಜವಾನರು, ನಾಲ್ಕಾರು ಹಳೆಯ ವಕೀಲರು ಚಹಾಕ್ಕೆ ಸೇರಿದ್ದರು. ಅವಳು ಅವನ ತೋಳು ಹಿಡಿದು ಮುಂದಕ್ಕೆ ತಂದು, "ಇವನೇ ನನ್ನ ತಮ್ಮ. ವಕೀಲ," ಅಂದಳು. ಅವನಿಗೆ ಅಂದು ಏನು ಬಡಿದಿತ್ತೋ. "ಇಲ್ಲ ಸಾರ್, ನಾನು ಬೋರ್ಡಿನವನು. ವಕೀಲಿಕೆಗೆ ಕೈ ಮುಗಿದು ಒಂಬತ್ತು ವರ್ಷ ಆಯ್ತು. ಅಕ್ಕ ಇನ್ನೂ ನಂಬ್ತಿಲ್ಲ, ಅಷ್ಟೇ," ಎಂದುಬಿಟ್ಟ. ಎಲ್ಲರೂ ನಕ್ಕರು. ಒಳ್ಳೆಯ ತಮಾಷೆ ಎಂದುಕೊಂಡು ಅವನೂ ನಕ್ಕ. ಅಕ್ಕ ಅವನ ತೋಳು ಬಿಟ್ಟಳು.

ಆಮೇಲೆ ಎರಡು ವರ್ಷ ಮಾತಿಲ್ಲ. ಅವಳು ಹಟಮಾರಿ, ಇವನು ಅವಳೇ ಬೆಳೆಸಿದವನು. ಅವಳೇ ಮೊದಲು ಮಾತಾಡಲಿ ಎಂದು ಇವನು, ಅವನೇ ಬರಲಿ ಎಂದು ಅವಳು. ಹಬೆಯಾಡುವ ಚಹಾ ಕಂಡಾಗೆಲ್ಲ ಅವನಿಗೆ ಅವಳ ನೆನಪಾಗುತ್ತಿತ್ತು. ಆದರೂ ಫೋನ್ ಎತ್ತಿಕೊಂಡವನು ಮತ್ತೆ ಕೆಳಗಿಡುತ್ತಿದ್ದ.

ಅಕ್ಕನ ಮಗಳ ಕರೆ ಬಂದಾಗ ಅವನು ಬೇರೆ ಊರಿನ ರೈಲು ನಿಲ್ದಾಣದಲ್ಲಿ ಸೀಮೆಸುಣ್ಣ ಹಿಡಿದು ಬಗ್ಗಿದ್ದ. "ಮಾಮ, ಬೇಗ ಬಾ. ಅಮ್ಮನ್ನ ಸೇರಿಸಿದೀವಿ." ಸೇರಿಸಿದ್ದು ಅವನೇ ದಾರಿ ಬರೆದುಕೊಟ್ಟ ಆಸ್ಪತ್ರೆಗೆ, ಅವನಿಗೆ ಮೊದಲು ಕೆಲಸ ಕೊಟ್ಟ ಆಸ್ಪತ್ರೆ ಅದು. ಮಾರನೆಯ ಮಧ್ಯಾಹ್ನ ತಲುಪಿ, ತನ್ನವೇ ಬಾಣಗಳ ಹಿಂದೆ ಓಡಿ, ಒಂದೂ ತಿರುವು ತಪ್ಪದೆ ಮೂರನೆಯ ಮಹಡಿ ಮುಟ್ಟಿದ. ಹಾಸಿಗೆ ಖಾಲಿಯಾಗಿತ್ತು. ಅಕ್ಕನ ಮಗಳು ಗೋಡೆಗೆ ಒರಗಿ ನಿಂತಿದ್ದಳು, ಕಣ್ಣೀರು ಮುಗಿದ ಮುಖ.

"ಹತ್ತು ಗಂಟೆಗೆ ಹೋಗ್ಬಿಟ್ರು, ಮಾಮ. ಆರು ತಿಂಗಳಿಂದ ಇಲ್ಲೇ ಓಡಾಡ್ತಿದ್ವಿ. ನಿನಗೆ ಹೇಳಬಾರ್ದು ಅಂತ ಆಣೆ ಹಾಕಿಸ್ಕೊಂಡಿದ್ರು."

ಅಳು ಬರುವ ಮುಂಚೆ ಅವನ ಬಾಯಿಂದ ಬಂದದ್ದು ಒಂದು ಪ್ರಶ್ನೆ. ಅದನ್ನು ಕೇಳಿದ್ದಕ್ಕೆ ಅವನು ತನ್ನನ್ನು ಎಂದೂ ಕ್ಷಮಿಸಿಕೊಳ್ಳಲಿಲ್ಲ. "ಇಲ್ಲಿ ಅವಳಿಗೆ ದಾರಿ ಗೊತ್ತಾಗ್ತಿತ್ತಾ? ಬೋರ್ಡು ನೋಡ್ತಿದ್ದಳಾ?"

"ಒಂದಿನಾನೂ ನೋಡ್ಲಿಲ್ಲ," ಅಂದಳು ಹುಡುಗಿ. ಸುಳ್ಳು ಹೇಳಿ ಅಭ್ಯಾಸವಿಲ್ಲದವಳು. "ಸಿಕ್ಕೋರನ್ನೆಲ್ಲ ನಿಲ್ಲಿಸಿ ಕೇಳ್ತಿದ್ರು. ಬಾಣದ ಕೆಳಗೇ ನಿಂತ್ಕೊಂಡು ಕೇಳ್ತಿದ್ರು."

ಅವನಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಕಾಗದಪತ್ರಗಳಿಗೆ ಸಹಿ ಹಾಕಲು ಹುಡುಗಿಯನ್ನು ಕರೆದರು. "ಅಮ್ಮನ್ನ ಕೆಳಗೆ ಕರ್ಕೊಂಡು ಹೋದ್ರು ಮಾಮ, ಒಬ್ಬರೇ ಇದಾರೆ, ನೀನು ಹೋಗು," ಅಂದಳು.

ಕೆಳಗೆ ಇಳಿದ. ಎಕ್ಸ್‌ರೇ, ಲಾಂಡ್ರಿ, ಉಗ್ರಾಣ, ಎಲ್ಲಕ್ಕೂ ಬಾಣವಿತ್ತು. ಅಲ್ಲಿಗೆ ಬಾಣಗಳು ಮುಗಿದವು. ಶವಾಗಾರ ಬೋರ್ಡಿನಲ್ಲಿ ಬೇಡ, ರೋಗಿಗಳು ಎದೆಗುಂದುತ್ತಾರೆ ಎಂದು ಆಡಳಿತದವರು ಹೇಳಿದಾಗ ಅವನು ಒಂದು ಮಾತೂ ಆಡದೆ ಒಪ್ಪಿದ್ದ. ಆ ಮೂರು ದಿನಗಳ ಅಲೆದಾಟದಲ್ಲಿ ಅತ್ತ ಕಾಲು ಹಾಕಿಯೂ ಇರಲಿಲ್ಲ. ಒಂದು ಬಾಗಿಲು ತೆರೆದರೆ ಬಕೆಟ್ಟುಗಳು, ಇನ್ನೊಂದು ತೆರೆದರೆ ಬಾಯ್ಲರ್. ಎರಡು ಸಲ ಸುತ್ತಿ ಹೊರಟಲ್ಲಿಗೇ ಬಂದು ನಿಂತ. ನೆಲ ಒರೆಸುತ್ತಿದ್ದ ಹೆಂಗಸು ಗುರುತು ಹಿಡಿದಳು.

"ಬಾಣದ ಸಾರಲ್ವಾ? ಏನು ಹುಡುಕ್ತಿದೀರಿ?"

"ನಮ್ಮಕ್ಕ... ನಮ್ಮಕ್ಕನ್ನ ಎಲ್ಲಿಟ್ಟಿದಾರಮ್ಮ?"

ಅವಳು ಏನೂ ಕೇಳದೆ ಒರೆಸುವ ಕೋಲು ಗೋಡೆಗಿಟ್ಟು, ಕೈ ಸೀರೆಗೆ ಒರೆಸಿಕೊಂಡು, ಮುಂದೆ ಮುಂದೆ ನಡೆದಳು. ಅಂಗಳ ದಾಟಿ, ತಗಡಿನ ಗೋಡೆ ಬಳಸಿ, ಎರಡು ಮೆಟ್ಟಿಲು ಇಳಿದು, ಮುಚ್ಚಿದ ಬಾಗಿಲೊಂದರವರೆಗೆ ಬಿಟ್ಟು ಹೋದಳು.

ಬಾಗಿಲ ಮುಂದೆ ಮೇಜು, ದಪ್ಪನೆಯ ಪುಸ್ತಕ, ಕನ್ನಡಕದ ಗುಮಾಸ್ತ.

"ತೀರಿಕೊಂಡೋರಿಗೆ ನೀವೇನಾಗ್ಬೇಕು?"

"ತಮ್ಮ."

"ನಿಮ್ಮ ಉದ್ಯೋಗ?"

ಎಷ್ಟೋ ಸಭೆಗಳಲ್ಲಿ ಎದೆಯುಬ್ಬಿಸಿ ಉತ್ತರಿಸಿದ್ದ ಪ್ರಶ್ನೆ. ಅವನು ಮೆಲ್ಲಗೆ ಏನೋ ಗೊಣಗಿದ. ಗುಮಾಸ್ತ ಪೆನ್ನು ಎತ್ತಿಕೊಂಡೇ ತಲೆ ಮುಂದೆ ಮಾಡಿದ. "ಸ್ವಲ್ಪ ಜೋರಾಗಿ ಹೇಳಿ ಸಾರ್, ಕೇಳಿಸ್ಲಿಲ್ಲ."

"ವಕೀಲ," ಅಂದ ಅವನು, ಆ ಬಾಗಿಲ ಒಳಗೂ ಕೇಳಿಸುವಷ್ಟು ಜೋರಾಗಿ.