ಇಬ್ಬರು ಬೇಕಾದ ಕೆಲಸ

ಹಮ್ಮಿಗಿಯ ಹೊಳೆದಂಡೆಯಲ್ಲಿ ಜೀಪು ನಿಲ್ಲಿಸಿ, ಹಿಂದೆ ಎಳೆದುತಂದಿದ್ದ ಟ್ರೇಲರ್ ಮನೆಗೆ ಬಟ್ಟೆಯ ಚಪ್ಪರವೊಂದನ್ನು ನಾನೇ ಕೂರಿಸತೊಡಗಿದೆ. ಸುರುಳಿ ಸುತ್ತಿಟ್ಟದ್ದು, ಎಳೆದರೆ ಹರಡಿಕೊಳ್ಳುವಂಥದ್ದು. ಇಬ್ಬರು ಬೇಕೆಂದು ಸೂಚನೆಯ ಹಾಳೆಯಲ್ಲೇ ಬರೆದಿತ್ತು. ಈ ಕಡೆ ಬೋಲ್ಟ್ ಹಾಕಿ ಆ ಕಡೆ ಹೋಗುವಷ್ಟರಲ್ಲಿ ಈ ತುದಿ ಜಾರುತ್ತಿತ್ತು. ಮೂರನೆಯ ಸಲ ಜಾರಿದಾಗ, ಪಕ್ಕದ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಣ್ಣುಮಗಳೊಬ್ಬಳು ಬಂದು ಹಿಡಿದುಕೊಂಡಳು.

"ಒಬ್ಬರ ಅದೀರಿ. ಇಷ್ಟ ದೊಡ್ಡ ನೆಳ್ಳು ಯಾಕ್ರಿ ಅಣ್ಣಾರ?"

"ನನ್ನ ಹೆಂಡ್ತಿ ತರಿಸಿದ್ದವ್ವಾ. ಹಾಕೂದ್ರೊಳಗ ತೀರಿಕೊಂಡ್ಲು."

ಆಕೆ ಚಪ್ಪರದ ತುದಿಯನ್ನು ಇನ್ನಷ್ಟು ಎತ್ತಿ ಹಿಡಿದಳು. ಕೊನೆಯ ಬೋಲ್ಟ್ ಬಿಗಿಯಾಗುವವರೆಗೂ ಕೈ ಬಿಡಲಿಲ್ಲ. ಆಮೇಲೆ ಹೊಲದತ್ತ ತಿರುಗಿ ಕೂಗಿದಳು: "ಬರ್ರೇ, ಬುತ್ತಿ ಇಲ್ಲೇ ಬಿಚ್ಚೂಣು!"

ಏಳು ಮಂದಿ ಹೆಂಗಸರು ಬಂದು ಕೂತರು. ನನ್ನ ಕೈಗೂ ರೊಟ್ಟಿ, ಪುಂಡಿಪಲ್ಲೆ ಬಂತು. ನೆರಳಲ್ಲಿ ಜಾಗ ಉಳಿದಿರಲಿಲ್ಲ, ಹಾಗಾಗಿ ಬಿಸಿಲಲ್ಲೇ ನಿಂತು ತಿಂದೆ.