‘ಮನಸ್ಸು ಭಾರ’ ಎಂದು ಬರೆದ ತಪ್ಪು

ನಿವೃತ್ತಿಗೆ ಇನ್ನೆರಡು ವರ್ಷ ಬಾಕಿಯಿದ್ದಾಗ ನಾನು ಮುಂಬಯಿಯ ಒಂದು ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಸೋಶಿಯಲ್ ವರ್ಕರ್ ಆಗಿದ್ದೆ. ಡಾಕ್ಟರು ಔಷಧಿ ಬರೆದ ಮೇಲೆ ಕಾಯಿಲೆ ಏನೆಂದು ರೋಗಿಗೂ ಮನೆಯವರಿಗೂ ಬಿಡಿಸಿ ಹೇಳುವುದು ನನ್ನ ಕೆಲಸ. ಮಧ್ಯಾಹ್ನದ ಹೊತ್ತಿಗೆ ಗಂಟಲು ಒಣಗಿ ತಲೆ ಚಿಟ್ಟು ಹಿಡಿದಿರುತ್ತಿತ್ತು.

ಆ ವರ್ಷ ಬೌದ್ಧಿಕ ಅಸಾಮರ್ಥ್ಯ ಇರುವವರಿಗಾಗಿ, ಅಂದರೆ ಕಲಿಯುವುದು, ಅರ್ಥಮಾಡಿಕೊಳ್ಳುವುದು ಚಿಕ್ಕಂದಿನಿಂದಲೇ ನಿಧಾನವಾಗಿರುವವರಿಗಾಗಿ, ‘ಈಸಿ ರೀಡ್’ ಹಾಳೆಗಳನ್ನು ಮಾಡಿದೆವು. ದೊಡ್ಡ ಅಕ್ಷರ, ಚಿಕ್ಕ ವಾಕ್ಯ, ಜೊತೆಗೆ ಚಿತ್ರ. ಆಂಟಾಪ್ ಹಿಲ್ ಕಡೆಯಿಂದ ಕನ್ನಡದವರು ಬಹಳ ಬರುತ್ತಿದ್ದರು. ಕನ್ನಡದ ಹಾಳೆ ನನ್ನ ಪಾಲಿಗೆ ಬಂತು. ಡಿಪ್ರೆಶನ್ನಿಗೆ ‘ಖಿನ್ನತೆ’ ಎಂದರೆ ಯಾರಿಗೆ ತಿಳಿಯುತ್ತದೆ? ‘ನಿನ್ನ ಮನಸ್ಸು ಭಾರವಾಗಿದೆ. ಅದನ್ನು ಹಗುರ ಮಾಡಬೇಕು’ ಎಂದು ಬರೆದೆ. ಪಕ್ಕದಲ್ಲಿ ಎದೆಯ ಮೇಲೆ ಕಲ್ಲು ಹೊತ್ತ ಹುಡುಗಿಯ ಚಿತ್ರ. ಎಷ್ಟು ಸರಳವಾಗಿದೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ರೇಣುಕಾಳನ್ನು ಕರೆತಂದವರು ಅವಳ ತಾಯಿ ಕಲ್ಲವ್ವ. ವಿಜಯಪುರದ ಕಡೆಯವರು, ಮನೆಗೆಲಸ ಮಾಡಿ ಬದುಕುವವರು. ರೇಣುಕಾಗೆ ಇಪ್ಪತ್ತಾರು, ಚಿಕ್ಕಂದಿನಿಂದಲೇ ಕಲಿಕೆ ನಿಧಾನ. ಕನ್ನಡ ಶಾಲೆಯಲ್ಲಿ ನಾಲ್ಕನೆಯವರೆಗೆ ಕಲಿತು, ಅಕ್ಷರ ಕೂಡಿಸಿ ಓದುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ಬರೀ ಅಳು, ನಿದ್ದೆಯಿಲ್ಲ. ಡಾಕ್ಟರು ಮಾತ್ರೆ ಬರೆದರು, ನಾನು ಹಾಳೆ ಕೊಟ್ಟೆ.

ತಿಂಗಳ ನಂತರ ಬಂದಾಗ ಆರು ಕಿಲೋ ಇಳಿದಿದ್ದಳು. ಕಾಯಿಲೆ ಹೆಚ್ಚಿದೆ, ವಾರ್ಡಿಗೆ ಸೇರಿಸೋಣ ಎಂದರು ಡಾಕ್ಟರು. ಕಲ್ಲವ್ವ ನನ್ನ ಕೈ ಹಿಡಿದುಕೊಂಡರು.

“ಬ್ಯಾಡ್ರಿ ಮೇಡಮ್. ನನ್ನ ಬಿಟ್ಟು ಅಕಿ ಒಂದ ದಿನಾನೂ ಇರಂಗಿಲ್ರಿ. ಉಣ್ಣು ಅಂದ್ರ ಬಾಯಿ ಮುಚ್ಕೊಂಡು ಕುಂದರ್ತಾಳ್ರಿ, ನಾ ಏನ್ ಮಾಡ್ಲಿ?”

ವಾಂತಿಯೇ, ಹೊಟ್ಟೆನೋವೇ, ಎಲ್ಲವನ್ನೂ ನಾನು ತಾಯಿಯನ್ನೇ ಕೇಳಿದೆ. ರೇಣುಕಾ ಪಕ್ಕದಲ್ಲೇ ಕುಳಿತಿದ್ದಳು. ಅವಳನ್ನು ಕೇಳಬೇಕೆಂದು ಹೊಳೆಯಲೇ ಇಲ್ಲ, ಮೂವತ್ತು ವರ್ಷದ ಅನುಭವ ನೋಡಿ!

ಅಡ್ಮಿಷನ್ ಕಾಗದ ತುಂಬುತ್ತಿದ್ದಾಗ ಅವಳು ತಾನಾಗಿ ಎದ್ದು ಮತ್ತೊಮ್ಮೆ ತೂಕದ ಮಶೀನಿನ ಮೇಲೆ ನಿಂತಳು.

“ಹಗುರ ಆಗೇನೇನ್ರಿ?”

“ಯಾಕಮ್ಮಾ ಹಗುರ ಆಗ್ಬೇಕು?” ಎಂದೆ.

“ನೀವ ಬರದೀರಲ್ರಿ.” ಚೀಲದಿಂದ ಮಡಿಸಿದ ಹಾಳೆ ತೆಗೆದು ಕಲ್ಲಿನ ಚಿತ್ರದ ಮೇಲೆ ಬೆರಳಿಟ್ಟಳು. “ಉಂಡ್ರ ಭಾರ ಆಗ್ತೀನ್ರಿ.”

ಅಯ್ಯೋ ದೇವರೇ! ನಾಚಿಕೆಯಿಂದ ಕುಗ್ಗಿಹೋದೆ. ಡಾಕ್ಟರು ಪೆನ್ನು ಕೆಳಗಿಟ್ಟರು. ನಾನು ಅವಳ ಪಕ್ಕ ಕುಳಿತು, ನಿನಗೆ ಏನಾಗುತ್ತದೆ ಎಂದು ಮೊದಲ ಸಲ ಕೇಳಿದೆ.

“ಅಪ್ಪ ಬರಂಗಿಲ್ಲ. ಅಳು ಬರ್ತದ.”

ಹಾಳೆಯ ಹಿಂಬದಿಯಲ್ಲಿ ಅದನ್ನೇ ಬರೆದೆ. ಅದರ ಕೆಳಗೆ, ‘ಅಳು ಬಂದ್ರ ಅವ್ವಗ ಹೇಳ್ತೀನಿ. ದಿನಾ ಊಟ ಮಾಡ್ತೀನಿ.’ ಓದಿಸಿ, ಏನು ತಿಳಿಯಿತೆಂದು ಅವಳ ಬಾಯಿಂದಲೇ ಹೇಳಿಸಿದೆ. ವಾರ್ಡ್ ತಪ್ಪಿತು. ಮುಂದಿನ ವಾರ ಬಂದಾಗ ಒಂದು ಕಿಲೋ ಏರಿದ್ದಳು.

ಆ ಹಾಳೆ ಹಂಚುವುದು ಬೇಡವೆಂದರೆ ಮೇಲಿನವರು, ಅಚ್ಚಾಗಿದೆಯಲ್ಲ, ಮುಗಿಯಲಿ ಎಂದರು. ಜಗಳವಾಡಿ ನಿಲ್ಲಿಸುವಷ್ಟರಲ್ಲಿ ಸಾಕುಸಾಕಾಯಿತು. ಸರಳವಾಗಿ ಬರೆದರೆ ಸಾಲದು. ಏನು ತಿಳಿಯಿತೆಂದು ಓದಿದವರನ್ನೇ ಕೇಳಬೇಕು. ಕೆಲಸ ನನಗೆ ಕಲಿಸಿದ್ದು ಇಷ್ಟೇ, ಅದೂ ತಡವಾಗಿ. ರೇಣುಕಾಗಿಂತ ಮೊದಲು ಹದಿನೇಳು ಮಂದಿಗೆ ಆ ಹಾಳೆ ಕೊಟ್ಟಿದ್ದೆ. ಫೋನ್ ಮಾಡಿ, ಅವರಿದ್ದ ಚಾಲ್‌ಗಳ ಒತ್ತೊತ್ತು ಮನೆಗಳಲ್ಲಿ ವಿಚಾರಿಸಿ ಹದಿಮೂರು ಮಂದಿಯನ್ನು ಹುಡುಕಿದೆ. ನಾಲ್ವರು ಸಿಗಲೇ ಇಲ್ಲ.